ಲೋಹದ ಕಣಕ್ಕೊಂದು ಕವಚ

ಬೆಳ್ಳಿಯಂತೆ ಹೊಳೆಯುವ ಬಣ್ಣದಲ್ಲಿರುವುದು ಬೆಳ್ಳಿಯಲ್ಲ, ಅಲ್ಯೂಮಿನಿಯಂ ಪುಡಿ. ಅದನ್ನು ಸಾಮಾನ್ಯವಾಗಿ ಕಲಸುವ ಪೆಟ್ರೋಲಿಯಂ ದ್ರಾವಕಗಳ ಆವಿಯು ಬಣ್ಣ ಬಳಿಯುವವನ ಉಸಿರಿಗೆ ಹಾನಿಕರ. ನೀರಿನಲ್ಲಿ ಕಲಸೋಣವೆಂದರೆ, ಲೋಹವು ನೀರಿನೊಡನೆ ವರ್ತಿಸಿ ಜಲಜನಕವನ್ನು ಹೊಮ್ಮಿಸುತ್ತದೆ. ಮುಚ್ಚಿದ ಡಬ್ಬಿಯು ಉಬ್ಬಿ ಒಡೆಯಲೂಬಹುದು. ಕಣಕ್ಕೆ ಪಾಲಿಮರಿನ ಕವಚ ತೊಡಿಸುವುದು ಇದಕ್ಕೊಂದು ಪರಿಹಾರ.

ಆದರೆ ಲೋಹಕ್ಕೂ ಪಾಲಿಮರಿಗೂ ಸಹಜವಾದ ನಂಟಿಲ್ಲ. ಸಾಬೂನಿನ ಜಾತಿಯ ಅಣುಗಳು ಇಲ್ಲಿ ಮಧ್ಯಸ್ಥಿಕೆ ವಹಿಸುತ್ತವೆ: ಅವುಗಳ ತಲೆಯು ಲೋಹದ ಮೇಲ್ಮೈಯನ್ನು ಹಿಡಿಯುತ್ತದೆ, ಬಾಲವು ಹೊರಚಾಚುತ್ತದೆ. ಆ ಬಾಲಗಳ ನಡುವೆ ಸೇರಿದ ಪುಟ್ಟ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪಾಲಿಮರಿನ ಪೊರೆಯಾಗುತ್ತವೆ.

ಸಾಬೂನನ್ನು ಕೊಳೆ ತೆಗೆಯುವ ವಸ್ತುವೆಂದಷ್ಟೇ ಬೋಧಿಸುವುದು ಸಾಲದೆಂದು ನಾವು ಭಾವಿಸುತ್ತೇವೆ. ಒಗ್ಗದವುಗಳನ್ನು ಒಗ್ಗಿಸುವ ಅದರ ಗುಣವನ್ನರಿತ ವಿದ್ಯಾರ್ಥಿಗಳೇ ನಾಳೆ ಬಣ್ಣಗಾರನ ಉಸಿರನ್ನು ಕಾಯಬಲ್ಲರು.