ಶೀಲಕ್ಕೆ ಅಂಕ ನೀಡುವವರು ಯಾರು?

ಅಮೇರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಂದ ಆಗಾಗ ಒಂದು ಸಿಹಿ ಸುದ್ದಿ ಬರುವುದುಂಟು. ಮಗಳು ‘ನ್ಯಾಷನಲ್ ಆನರ್ ಸೊಸೈಟಿ’ಗೆ ಆಯ್ಕೆಯಾಗಿದ್ದಾಳೆ ಎಂದು ಅವರು ತಿಳಿಸಿದಾಗ ಇಲ್ಲಿರುವ ಅಜ್ಜ-ಅಜ್ಜಿಯರು ಅದನ್ನು ರ‍್ಯಾಂಕ್ ಎಂದು ಭಾವಿಸಿ ನೆರೆಮನೆಗಳಿಗೆ ಮಿಠಾಯಿ ಹಂಚುತ್ತಾರೆ. ವಾಸ್ತವದಲ್ಲಿ ಅದು ರ‍್ಯಾಂಕ್ ಅಲ್ಲ. ಹೆಚ್ಚು ಅಂಕ ಗಳಿಸಿದವರೆಲ್ಲರಿಗೂ ಸಿಗುವ ಗೌರವವೂ ಅಲ್ಲ. ಅಂಕದ ಜೊತೆಗೆ ಶೀಲವನ್ನೂ ಅಳೆಯುತ್ತೇವೆಂದು ಹೊರಟ ಒಂದು ವ್ಯವಸ್ಥೆ ಅದು. ಶೀಲವನ್ನು ಅಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಅದರ ಒಂದು ಶತಮಾನದ ಚರಿತ್ರೆಯೇ ಸಾಕ್ಷಿ.

1921ರಲ್ಲಿ ಅಮೇರಿಕದ ಪ್ರೌಢಶಾಲಾ ಪ್ರಾಂಶುಪಾಲರ ರಾಷ್ಟ್ರೀಯ ಸಂಘವು ಈ ಸೊಸೈಟಿಯನ್ನು ಹುಟ್ಟುಹಾಕಿತು. ಪಿಟ್ಸ್‌ಬರ್ಗ್ ನಗರದ ಪ್ರಾಂಶುಪಾಲರಾಗಿದ್ದ ಎಡ್ವರ್ಡ್ ರೈನಿಯರ್‌ಸನ್ ಅದರ ಮೂಲ ಪ್ರೇರಕರು. ಕಾಲೇಜುಗಳಲ್ಲಿ ಇಂತಹ ಗೌರವ ಸಂಘಗಳು 1776ರಷ್ಟು ಹಿಂದೆಯೇ ಇದ್ದವು. ಆದರೆ ಪ್ರೌಢಶಾಲೆಯ ಮಕ್ಕಳಿಗೆ ರಾಷ್ಟ್ರವ್ಯಾಪಿಯಾದ ಏಕರೂಪದ ಗೌರವವಿರಲಿಲ್ಲ. ಕ್ರೀಡಾಪಟುಗಳಿಗೆ ಸಿಗುವ ಜಯಘೋಷದ ಒಂದಂಶವಾದರೂ ಓದುವ ಮಕ್ಕಳಿಗೂ ಸಿಗಲಿ ಎಂಬ ಆಶಯ ಅಂದಿನ ಶಿಕ್ಷಕರದ್ದಾಗಿದ್ದರೆ ಅದರಲ್ಲಿ ತಪ್ಪೇನಿದೆ? ಇಂದು ಆ ಸೊಸೈಟಿಯ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ.

ಪಾಂಡಿತ್ಯ, ಸೇವೆ, ನಾಯಕತ್ವ ಮತ್ತು ಶೀಲ ಎಂಬ ನಾಲ್ಕು ಸ್ತಂಭಗಳ ಮೇಲೆ ಈ ಸೊಸೈಟಿ ನಿಂತಿದೆ. ಹತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಮಾತ್ರ ಅರ್ಹರು. ಆ ಶಾಲೆಯಲ್ಲಿ ಕನಿಷ್ಠ ಒಂದು ಸೆಮಿಸ್ಟರ್ ಕಲಿತಿರಬೇಕು. ಒಟ್ಟು ಸರಾಸರಿ ನೂರಕ್ಕೆ 85, ಅಥವಾ ‘ಬಿ’ ಶ್ರೇಣಿ, ಅಥವಾ ನಾಲ್ಕರ ಮಾಪನದಲ್ಲಿ 3.0 ಇರಬೇಕೆಂಬುದು ರಾಷ್ಟ್ರೀಯ ನಿಯಮ. ಇದನ್ನು ಕಡಿಮೆ ಮಾಡುವ ಅಧಿಕಾರ ಯಾವ ಶಾಲೆಗೂ ಇಲ್ಲ. ಹೆಚ್ಚಿಸುವ ಅಧಿಕಾರವಿದೆ. ಅನೇಕ ಶಾಲೆಗಳು ಅದನ್ನು 3.5ಕ್ಕೆ ಏರಿಸಿವೆ.

ನಮ್ಮವರು ತಪ್ಪು ತಿಳಿಯುವುದು ಇಲ್ಲಿಯೇ. ಅಂಕ ಎಂಬುದು ಇಲ್ಲಿ ಹೊಸ್ತಿಲು ಮಾತ್ರ. ಹೊಸ್ತಿಲು ದಾಟಿದವರ ಮುಂದೆ ಇನ್ನೂ ಮೂರು ಬಾಗಿಲುಗಳಿವೆ. ಅವುಗಳ ಕೀಲಿಕೈ ಐವರು ಶಿಕ್ಷಕರ ಒಂದು ಸಮಿತಿಯ ಕೈಯಲ್ಲಿದೆ. ಈ ಐವರನ್ನು ಪ್ರಾಂಶುಪಾಲರು ನೇಮಿಸುತ್ತಾರೆ, ಆದರೆ ತಾವು ಅದರಲ್ಲಿ ಕುಳಿತುಕೊಳ್ಳುವಂತಿಲ್ಲ. ಘಟಕದ ಸಲಹೆಗಾರ ಶಿಕ್ಷಕರು ಸಭೆಯಲ್ಲಿರುತ್ತಾರೆ, ಆದರೆ ಮತ ಚಲಾಯಿಸುವಂತಿಲ್ಲ. ವಿದ್ಯಾರ್ಥಿಯು ತಾನು ಮಾಡಿದ ಸಮಾಜ ಸೇವೆ, ವಹಿಸಿದ ಹೊಣೆಗಾರಿಕೆ, ಭಾಗವಹಿಸಿದ ಚಟುವಟಿಕೆಗಳ ವಿವರವನ್ನು ಒಂದು ನಮೂನೆಯಲ್ಲಿ ಬರೆದು ಕೊಡುತ್ತಾನೆ. ಐವರಲ್ಲಿ ಬಹುಮತ ದೊರೆತರೆ ಆಯ್ಕೆ, ಇಲ್ಲವಾದರೆ ಇಲ್ಲ. ಸದಸ್ಯತ್ವವೆಂಬುದು ಶಾಲೆ ದಯಪಾಲಿಸುವ ಗೌರವವೇ ಹೊರತು ವಿದ್ಯಾರ್ಥಿಯ ಹಕ್ಕಲ್ಲ ಎಂಬುದು ಅದರ ನಿಲುವು. 1983ರಿಂದೀಚೆಗೆ ಅಲ್ಲಿಯ ಹಲವು ನ್ಯಾಯಾಲಯಗಳು ಈ ನಿಲುವನ್ನು ಎತ್ತಿ ಹಿಡಿದಿವೆ.

ನಾಯಕತ್ವ ಮತ್ತು ಸೇವೆಯ ವಿಷಯದಲ್ಲಿ ಬಡವರ ಮಕ್ಕಳಿಗೆ ಆಗುವ ಅನ್ಯಾಯವನ್ನು ಯಾರೂ ಊಹಿಸಬಹುದು. ಶಾಲೆ ಬಿಟ್ಟ ನಂತರ ಅಂಗಡಿಯಲ್ಲಿ ದುಡಿಯುವ, ಇಲ್ಲವೇ ತಾಯಿ ಕೆಲಸದಿಂದ ಮರಳುವವರೆಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯ ಬಳಿ ‘ಸೇವಾ ಗಂಟೆ’ಗಳ ಪ್ರಮಾಣಪತ್ರ ಎಲ್ಲಿರುತ್ತದೆ? ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿದ್ದಕ್ಕೆ ಸಹಿ ಸಿಗುತ್ತದೆ, ಮನೆಯಲ್ಲಿ ಅನ್ನ ಬೇಯಿಸಿದ್ದಕ್ಕೆ ಸಿಗುವುದಿಲ್ಲ. ಕಾಲೇಜು ಪ್ರವೇಶದ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗಲಿ ಎಂದು ಗಂಟೆ ಲೆಕ್ಕ ಹಾಕಿ ಸೇವೆ ಮಾಡುವವರಿಗೂ ಅಲ್ಲಿ ಕೊರತೆಯಿಲ್ಲ. ಇದು ಆ ದೇಶದ ರೋಗ ಮಾತ್ರವಲ್ಲ, ಇರಲಿ.

ಆದರೆ ನಿಜವಾದ ಪರೀಕ್ಷೆ ನಡೆದದ್ದು ನಾಲ್ಕನೆಯ ಸ್ತಂಭದ ಮೇಲೆ. 1983ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಶಾಲೆಯಲ್ಲಿ ಸದಸ್ಯೆಯಾಗಿದ್ದ ಅವಿವಾಹಿತ ವಿದ್ಯಾರ್ಥಿನಿಯೊಬ್ಬಳು ಗರ್ಭವತಿಯಾದಳೆಂದು ಶಿಕ್ಷಕರ ಸಮಿತಿಯು ಆಕೆಯನ್ನು ಸೊಸೈಟಿಯಿಂದ ಹೊರಹಾಕಿತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಗರ್ಭಧಾರಣೆಗಾಗಿ ಅಲ್ಲ, ವಿವಾಹಪೂರ್ವ ಸಂಬಂಧಕ್ಕಾಗಿ ಕ್ರಮ ಕೈಗೊಂಡೆವು ಎಂಬುದು ಶಾಲೆಯ ವಾದವಾಗಿತ್ತು. 1990ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ವಾದವನ್ನು ಬಹುಮಟ್ಟಿಗೆ ಒಪ್ಪಿಕೊಂಡರೂ ಒಂದು ಮುಖ್ಯ ಪ್ರಶ್ನೆಯನ್ನು ಉಳಿಸಿಕೊಂಡಿತು. ಅದೇ ಸೊಸೈಟಿಯ ಸದಸ್ಯನಾಗಿದ್ದ ಹುಡುಗನೊಬ್ಬ ತಾನೂ ಅಂತಹ ಸಂಬಂಧ ಹೊಂದಿದ್ದೆನೆಂದು ಸಾಕ್ಷ್ಯ ನುಡಿಯಲು ಮುಂದೆ ಬಂದಿದ್ದ. ಆತನ ವಿರುದ್ಧ ಯಾವ ಕ್ರಮವೂ ಆಗಿರಲಿಲ್ಲ. ಆ ಸಾಕ್ಷ್ಯವನ್ನು ಪರಿಗಣಿಸಬೇಕೆಂದು ಹೇಳಿ ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಲಾಯಿತು.

1998ರಲ್ಲಿ ಕೆಂಟಕಿ ರಾಜ್ಯದ ಗ್ರ್ಯಾಂಟ್ ಕೌಂಟಿಯಲ್ಲಿ ಮತ್ತೆ ಅದೇ ಕಥೆ. ಇಬ್ಬರು ವಿದ್ಯಾರ್ಥಿನಿಯರಿಗೆ ಬೇಕಾದ ಅಂಕಗಳಿದ್ದವು. ಒಬ್ಬಳು ತಾಯಿಯಾಗಿದ್ದಳು, ಇನ್ನೊಬ್ಬಳು ತಾಯಿಯಾಗಲಿದ್ದಳು. ಇಬ್ಬರಿಗೂ ಸದಸ್ಯತ್ವ ನಿರಾಕರಿಸಲಾಯಿತು. ಇತರ ಅಭ್ಯರ್ಥಿಗಳ ಖಾಸಗಿ ನಡತೆಯ ಬಗ್ಗೆ ಸಮಿತಿಯು ವಿಚಾರಿಸಲೇ ಇಲ್ಲ. ಫೆಡರಲ್ ನ್ಯಾಯಾಧೀಶರು ಈ ಭೇದವನ್ನು ಗುರುತಿಸಿದರು. ಮೇಲ್ನೋಟಕ್ಕೆ ಕಾಣುವಂತೆ ಗರ್ಭವತಿಯರಾದವರೆಲ್ಲರೂ ಹೊರಗುಳಿದರು, ಕಾಣದವರಲ್ಲಿ ಒಬ್ಬರೂ ಹೊರಗುಳಿಯಲಿಲ್ಲ. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಕಾನೂನಿನಡಿ ಇಬ್ಬರನ್ನೂ ಸೇರಿಸಿಕೊಳ್ಳುವಂತೆ ಅವರು ಮಧ್ಯಂತರ ಆದೇಶ ನೀಡಿದರು.

ಇದನ್ನು ಓದಿದಾಗ ನಮ್ಮ ಅನೇಕರಿಗೆ ಇಕ್ಕಟ್ಟಾಗುವುದು ಸಹಜ. ವಿವಾಹಪೂರ್ವ ಸಂಬಂಧವನ್ನು ನಾವು ಪಾಪವೆಂದೇ ಪರಿಗಣಿಸುತ್ತೇವೆ, ಅದರಲ್ಲಿ ರಾಜಿಯ ಪ್ರಶ್ನೆಯಿಲ್ಲ. ಹಾಗಾದರೆ ಆ ಶಿಕ್ಷಕರು ಮಾಡಿದ್ದು ಸರಿಯೇ? ಖಂಡಿತ ಅಲ್ಲ. ವ್ಯಭಿಚಾರಕ್ಕೆ ಸಂಬಂಧಿಸಿದ ಕುರ್‌ಆನ್‌ನ ಆದೇಶವು ಪುರುಷ ಮತ್ತು ಸ್ತ್ರೀ ಇಬ್ಬರನ್ನೂ ಹೆಸರಿಸಿ ಸಮಾನವಾಗಿ ಹೊಣೆಗಾರರನ್ನಾಗಿಸುತ್ತದೆ. ಅದೇ ಅಧ್ಯಾಯವು ನಾಲ್ವರು ಸಾಕ್ಷಿಗಳಿಲ್ಲದೆ ಸ್ತ್ರೀಯ ಶೀಲದ ಮೇಲೆ ಆರೋಪ ಹೊರಿಸುವವನನ್ನು ಶಿಕ್ಷೆಗೆ ಗುರಿಪಡಿಸುತ್ತದೆ. ಹುಡುಗಿಯ ದೇಹವನ್ನೇ ಸಾಕ್ಷಿಯನ್ನಾಗಿ ನಿಲ್ಲಿಸಿ ಹುಡುಗನನ್ನು ಪ್ರಶ್ನಿಸದೆಯೇ ಬಿಟ್ಟುಬಿಡುವ ಮಾನದಂಡವು ನೈತಿಕ ಮಾನದಂಡವಲ್ಲ. ಅದು ಸಿಕ್ಕಿಬಿದ್ದವರಿಗೆ ಮಾತ್ರ ಅನ್ವಯಿಸುವ ದಂಡಸಂಹಿತೆ. ಸಿಕ್ಕಿಬೀಳುವ ಸಾಧ್ಯತೆ ಪ್ರಕೃತಿಯ ಕಾರಣದಿಂದಲೇ ಹೆಣ್ಣಿಗೆ ಹೆಚ್ಚು. ನಮ್ಮ ಮೊಹಲ್ಲಾಗಳಲ್ಲಿ ಹುಡುಗಿಯ ಶಾಲೆ ಬಿಡಿಸಲು ಒಂದು ವದಂತಿ ಸಾಕಾಗುತ್ತದೆ, ಹುಡುಗನ ಸಂಗತಿಯೋ ‘ವಯಸ್ಸಿನ ಹುಡುಗಾಟ’ ಎಂದು ಮುಗಿದುಹೋಗುತ್ತದೆ. ಕೆಂಟಕಿಯ ಐವರು ಶಿಕ್ಷಕರನ್ನು ನೋಡಿ ನಗುವ ಅರ್ಹತೆ ನಮಗಿದೆಯೇ?

ಹಾಗೆಂದು ಶೀಲವನ್ನು ಪಟ್ಟಿಯಿಂದಲೇ ತೆಗೆದುಹಾಕಬೇಕೆಂದು ಈ ಪತ್ರಿಕೆ ವಾದಿಸುವುದಿಲ್ಲ. ನಕಲು ಮಾಡದಿರುವುದು, ಮಾತಿಗೆ ತಪ್ಪದಿರುವುದು, ದುರ್ಬಲ ಸಹಪಾಠಿಯನ್ನು ಪೀಡಿಸದಿರುವುದು ಇವೆಲ್ಲ ಶಾಲೆಯೊಳಗೇ ಶಿಕ್ಷಕರ ಕಣ್ಣಿಗೆ ಬೀಳುವ ಸಂಗತಿಗಳು. ಅವುಗಳನ್ನು ಹುಡುಗ-ಹುಡುಗಿಯರಿಬ್ಬರಲ್ಲೂ ಒಂದೇ ಸಮನೆ ನೋಡಬಹುದು, ದಾಖಲಿಸಬಹುದು. ಶಿಕ್ಷಕರು ಕಂಡಿರುವುದನ್ನು ಬಿಟ್ಟು ಕೇಳಿರುವುದರ ಮೇಲೆ ತೀರ್ಪು ನೀಡತೊಡಗಿದರೆ ಸಮಿತಿಯು ಹರಟೆ ಕಟ್ಟೆಯಾಗುತ್ತದೆ.

ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರು ತಿಳಿದಿರಬೇಕಾದ ಇನ್ನೂ ಕೆಲವು ವಿಷಯಗಳಿವೆ. ಆಯ್ಕೆಯ ನಿಯಮಗಳನ್ನು ಶಾಲೆಯು ವಿದ್ಯಾರ್ಥಿಗಳಿಗೂ ಪೋಷಕರಿಗೂ ಲಭ್ಯವಾಗಿಸಬೇಕು. ಆದ್ದರಿಂದ ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಅವನ್ನು ಲಿಖಿತವಾಗಿ ಕೇಳಿ ಪಡೆಯುವುದು ಲೇಸು. ಆಯ್ಕೆಯಾಗದಿದ್ದರೆ ದೂರು ಸಲ್ಲಿಸಬೇಕಾದದ್ದು ಶಾಲೆಯಲ್ಲಿಯೇ, ಪ್ರಾಂಶುಪಾಲರ ಬಳಿ. ರಾಷ್ಟ್ರೀಯ ಕಚೇರಿಯು ಅಂತಹ ಮೇಲ್ಮನವಿಗಳನ್ನು ಆಲಿಸುವುದಿಲ್ಲ. ಸದಸ್ಯರನ್ನು ವಜಾ ಮಾಡುವ ಮುನ್ನ ಲಿಖಿತ ನೋಟೀಸು ಕೊಟ್ಟು ಅವರ ಮಾತು ಕೇಳಲೇಬೇಕೆಂಬ ನಿಯಮವಿದೆ. ಒಮ್ಮೆ ವಜಾ ಆದವರು ಅಥವಾ ರಾಜೀನಾಮೆ ಕೊಟ್ಟವರು ಮತ್ತೆಂದೂ ಸೇರುವಂತಿಲ್ಲವಾದ್ದರಿಂದ ಆ ವಿಚಾರಣೆಯನ್ನು ಹಗುರವಾಗಿ ಪರಿಗಣಿಸಬಾರದು. ಊರು ಬದಲಾಯಿಸಿದ ಸದಸ್ಯರನ್ನು ಹೊಸ ಶಾಲೆಯ ಘಟಕವು ಸ್ವೀಕರಿಸಬೇಕು, ಆದರೆ ಅಲ್ಲಿ ಉಳಿಯಬೇಕಾದರೆ ಅಲ್ಲಿಯ ಮಟ್ಟವನ್ನು ಕಾಯ್ದುಕೊಳ್ಳಬೇಕು. ಇದೇ ಬಗೆಯ ಹೆಸರು ಹೊತ್ತ ಬೇರೆ ಸಂಸ್ಥೆಗಳಿಂದ ‘ನಿಮ್ಮ ಮಗು ಆಯ್ಕೆಯಾಗಿದೆ, ಶುಲ್ಕ ಕಳುಹಿಸಿ’ ಎಂಬ ಪತ್ರಗಳು ಅಂಚೆಯ ಮೂಲಕ ಮನೆಗೆ ಬರುವುದುಂಟು. ನ್ಯಾಷನಲ್ ಆನರ್ ಸೊಸೈಟಿಯ ಆಯ್ಕೆಯನ್ನು ಶಾಲೆಯೇ ತಿಳಿಸುತ್ತದೆ. ಹಣ ಕಳುಹಿಸುವ ಮುನ್ನ ಶಾಲೆಗೊಂದು ಫೋನ್ ಮಾಡಿ ವಿಚಾರಿಸಲಿ.