ಕೋಚ್ ಬೇಕು, ಸಂಬಳದ ಮಾತು ಮಾತ್ರ ಬೇಡ!

ಕೊಡಗಿನಲ್ಲಿ ತೋಟದ ಮರ ಕಪಾತಿಗೆ ಜನ ಕರೆಯುವಾಗ ಮೊದಲು ಕೂಲಿಯ ಮಾತು ಮುಗಿಯಬೇಕು. 'ಮೊದಲು ಹತ್ತು, ಆಮೇಲೆ ಏನೋ ಕೊಡೋಣ' ಎಂದರೆ ಯಾರೂ ಏಣಿಗೆ ಕಾಲಿಡುವುದಿಲ್ಲ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಕರೆಯುವಾಗ ಮಾತ್ರ ದುಡ್ಡಿನ ಮಾತು ಕೊನೆಗೆ ಬರುತ್ತದೆ. ಕೆಲವು ಕಡೆ ಬರುವುದೇ ಇಲ್ಲ.

ಅಂತರ ಕಾಲೇಜು ಪಂದ್ಯಾವಳಿ ಹತ್ತಿರವಾದಾಗ ಊರಿನ ಹಳೆಯ ಆಟಗಾರರೊಬ್ಬರಿಗೆ ಫೋನ್ ಹೋಗುತ್ತದೆ. ಹತ್ತು ಹದಿನೈದು ದಿನ ಬೆಳಿಗ್ಗೆ, ಸಂಜೆ ಅಭ್ಯಾಸ. ಪೆಟ್ರೋಲ್ ಅವರದೇ, ವಿಷಲ್ ಕೂಡ ಅವರದೇ. ಕೊನೆಗೆ ಒಂದು ಶಾಲು, ಒಂದು ಹಾರ, ಒಂದು ಕವರ್. ಅದಕ್ಕೆ ನಾವು ಇಟ್ಟಿರುವ ಹೆಸರು ಗೌರವಧನ. ಮುಂದಿನ ವರ್ಷ ಅದೇ ವ್ಯಕ್ತಿ ಬರುತ್ತಾರೆಂಬ ಖಾತರಿಯಿಲ್ಲ. ಬಂದರೂ ತಂಡದಲ್ಲಿ ಅರ್ಧ ಜನ ಹೊಸಬರು. ಮತ್ತೆ ಡ್ರಿಬ್ಲಿಂಗ್‌ನಿಂದಲೇ ಶುರು.

ನಾನು ಹೇಳಬೇಕಾದ್ದು ಇಷ್ಟೇ. ಕೋಚ್ ಎಂದರೆ ಪಂದ್ಯಾವಳಿಯ ಖರ್ಚಲ್ಲ, ಅದೊಂದು ಹುದ್ದೆ. ಹುದ್ದೆ ಎಂದ ಮೇಲೆ ಅದಕ್ಕೆ ಪ್ರಕಟಣೆ, ಅರ್ಹತೆ, ಅವಧಿ ಮತ್ತು ಬರೆದುಕೊಟ್ಟ ಸಂಬಳ ಇರಬೇಕು. ಇವು ನಾಲ್ಕೂ ಇಲ್ಲದೆ 'ನಮ್ಮ ಮಕ್ಕಳು ಯಾಕೆ ಮೊದಲ ಸುತ್ತಿನಲ್ಲೇ ಸೋಲುತ್ತಾರೆ' ಎಂದು ಕೇಳುವ ಹಕ್ಕು ಕಾಲೇಜುಗಳಿಗಿಲ್ಲ.

ಹಾಕಿಯ ಜಿಲ್ಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಮಾತೇಕೆ ಎನ್ನಬಹುದು. ಹಾಕಿಗೆ ಇಲ್ಲಿ ಮನೆತನಗಳೇ ಬೆನ್ನೆಲುಬು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ ಉತ್ಸವ ಇಂದು ನೂರಾರು ಕುಟುಂಬಗಳ ತಂಡಗಳನ್ನು ಕಣಕ್ಕಿಳಿಸುತ್ತಿದೆ. ಬ್ಯಾಸ್ಕೆಟ್‌ಬಾಲ್‌ಗೆ ಅಂಥ ಐನ್‌ಮನೆ ಇಲ್ಲ. ಅದಕ್ಕಿರುವುದು ಶಾಲೆ, ಕಾಲೇಜು ಮಾತ್ರ. ಆದರೆ ನಮ್ಮ ನೆಲಕ್ಕೆ ಹೊಂದುವ ಆಟ ಇದು. ಹಾಕಿ ಮೈದಾನಕ್ಕೆ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಸಮತಟ್ಟು ಜಾಗ ಬೇಕು. ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ 28ಕ್ಕೆ 15 ಮೀಟರ್ ಸಾಕು. ಗುಡ್ಡ ಕಡಿದು ಕಾಲೇಜು ಕಟ್ಟಿದ ಜಾಗದಲ್ಲೂ ಇದು ಹಿಡಿಸುತ್ತದೆ. ಹನ್ನೆರಡು ಮಕ್ಕಳಿದ್ದರೆ ತಂಡ ಸಿದ್ಧ.

'ನಮ್ಮಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಿದ್ದಾರಲ್ಲ, ಇನ್ನೊಬ್ಬ ಕೋಚ್ ಯಾಕೆ' ಎಂಬುದು ಆಡಳಿತ ಮಂಡಳಿಗಳ ಸಿದ್ಧ ಉತ್ತರ. ಎರಡೂ ಬೇರೆ ಕೆಲಸ. ಯುಜಿಸಿಯ 2018ರ ನಿಯಮದ ಪ್ರಕಾರ ಆ ನಿರ್ದೇಶಕರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಎನ್‌ಇಟಿ ಅಥವಾ ಪಿಎಚ್‌.ಡಿ. ಬೇಕು. ಮೇಲಿಂದ ದೇಹದಾರ್ಢ್ಯ ಪರೀಕ್ಷೆ. 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1,800 ಮೀಟರ್ ಓಡಬೇಕು. ಕಾಯಂ ಆದರೆ ಮೂಲ ವೇತನ 57,700 ರೂಪಾಯಿಯಿಂದ ಶುರು. ಇಷ್ಟೆಲ್ಲ ದಾಟಿ ಬಂದವರ ತಲೆ ಮೇಲೆ ಅಥ್ಲೆಟಿಕ್ಸ್, ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಎಲ್ಲವೂ ಬೀಳುತ್ತವೆ. ಜೊತೆಗೆ ಶಿಸ್ತು ಸಮಿತಿ, ನ್ಯಾಕ್ ಕಡತ. ಅವರು ಕ್ರೀಡಾ ವಿಭಾಗ ನಡೆಸುವವರು. ಒಂದೇ ಆಟವನ್ನು ಆಳವಾಗಿ ಕಲಿಸುವುದಕ್ಕೆ ಬೇರೆ ತರಬೇತಿಯಿದೆ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆಟವಾರು ಕೋಚಿಂಗ್ ಡಿಪ್ಲೊಮಾ ಕೊಡುವುದು ಇದೇ ಕಾರಣಕ್ಕೆ.

ಕೊಡಗಿನಲ್ಲಿ ಕೋಚ್ ಆಗಬಲ್ಲವರಿಗೆ ಬರವಿಲ್ಲ. ಬಾಕ್ಸಿಂಗ್ ಕೋಚ್ ಸಿ.ಎ. ಕುಟ್ಟಪ್ಪ ಅವರಿಗೆ 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ಮಹಿಳಾ ಹಾಕಿ ತಂಡದ ಸಹಾಯಕ ಕೋಚ್ ಆಗಿದ್ದವರು ನಮ್ಮ ಅಂಕಿತಾ ಸುರೇಶ್. ದೇಶಕ್ಕೆ ಗುರುಗಳನ್ನು ಕೊಟ್ಟಿದ್ದೇವೆ ಎಂದು ವೇದಿಕೆಯಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಕುಟ್ಟಪ್ಪ ಅವರನ್ನು ಬೆಳೆಸಿದ್ದು ಸೇನೆ. ಅಲ್ಲಿ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಊರಲ್ಲೇ ಉಳಿದು ಕಾಲೇಜು ಮಕ್ಕಳಿಗೆ ಆಟ ಕಲಿಸುತ್ತೇನೆ ಎನ್ನುವ ಹುಡುಗ ಅಥವಾ ಹುಡುಗಿಗೆ ನಾವು ತೋರಿಸುವ ದಾರಿ ಯಾವುದು? ತೋಟ ಇದ್ದವರು ಹವ್ಯಾಸಕ್ಕೆ ಕಲಿಸಬಹುದು. ಲೈನ್ ಮನೆಯಿಂದ ಬಂದವರು ಏನು ಮಾಡಬೇಕು?

ಹಾಗಾದರೆ ಎಷ್ಟು ಕೊಡಬೇಕು? ಅಳತೆಗೋಲು ನಮ್ಮ ಕಣ್ಣ ಮುಂದೆಯೇ ಇದೆ. ದೀರ್ಘ ಹೋರಾಟದ ನಂತರ 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ತಿಂಗಳಿಗೆ 26,000ದಿಂದ 32,000 ರೂಪಾಯಿವರೆಗೆ ನಿಗದಿ ಮಾಡಿತು. ಅದೂ ಸಾಲದು ಎಂದು ಅವರು ಮತ್ತೆ ಬೀದಿಗಿಳಿದರು. ಖೇಲೋ ಇಂಡಿಯಾ ಕೇಂದ್ರಗಳ ಲೆಕ್ಕವೂ ಇದೆ. 2021ರ ಮೇ ತಿಂಗಳಲ್ಲಿ ಕರ್ನಾಟಕಕ್ಕೆ 31 ಕೇಂದ್ರಗಳು ಮಂಜೂರಾದವು, ಅಂದಾಜು ಮೊತ್ತ 3.10 ಕೋಟಿ ರೂಪಾಯಿ. ಹಳೆಯ ಚಾಂಪಿಯನ್‌ಗಳನ್ನು ಕೋಚ್ ಮಾಡಿಕೊಂಡು, ಅವರ ಸಂಭಾವನೆ ಮತ್ತು ಸಲಕರಣೆಗೆ ವರ್ಷ ವರ್ಷವೂ ಹಣ ಕೊಡುವುದು ಆ ಯೋಜನೆಯ ತಿರುಳು. ಆಡಿದವರ ಅನುಭವಕ್ಕೆ ವರ್ಷಪೂರ್ತಿ ದುಡ್ಡು ಕೊಡಬೇಕು ಎಂಬುದನ್ನು ಸರ್ಕಾರವೇ ಒಪ್ಪಿದೆ ಎಂದಾಯಿತು.

ಒಂದೇ ಕಾಲೇಜಿಗೆ ಇದು ಹೊರೆ ಎನ್ನುವುದು ನಿಜ. ಹಾಗಾಗಿ ಹಂಚಿಕೊಳ್ಳಲಿ. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಒಂದು ಗುಂಪು. ಮಡಿಕೇರಿ, ನಾಪೋಕ್ಲು ಇನ್ನೊಂದು. ಕುಶಾಲನಗರ, ಸೋಮವಾರಪೇಟೆ ಮತ್ತೊಂದು. ಗುಂಪಿಗೊಬ್ಬ ಕೋಚ್. ತಿಂಗಳಿಗೆ 26,000ದಂತೆ ಹತ್ತು ತಿಂಗಳಿಗೆ 2.60 ಲಕ್ಷ. ಗುಂಪಿನಲ್ಲಿ ಐದು ಕಾಲೇಜು ಸೇರಿದರೆ ತಲಾ 52,000. ಕಾಲೇಜಿನಲ್ಲಿ 520 ವಿದ್ಯಾರ್ಥಿಗಳಿದ್ದರೆ ವರ್ಷಕ್ಕೆ ತಲೆಗೆ 100 ರೂಪಾಯಿ. ಪ್ರವೇಶದ ಹೊತ್ತಿಗೆ ಕ್ರೀಡಾ ಶುಲ್ಕ ಎಂದು ಹೇಗೂ ವಸೂಲಿ ಮಾಡುತ್ತೀರಿ. ಅದು ಎಲ್ಲಿಗೆ ಹೋಗುತ್ತದೆ ಎಂದು ಸೂಚನಾ ಫಲಕದಲ್ಲಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಈ ಗುಂಪು ಕಟ್ಟುವ ಕೆಲಸ ಯಾರದು? ಕೊಡಗು ವಿಶ್ವವಿದ್ಯಾಲಯದ್ದು. ಮೊದಲು ನಮ್ಮ ಮಕ್ಕಳು ಮಂಗಳೂರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಲು ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜುಗಳಲ್ಲಿ ವರ್ಷಪೂರ್ತಿ ಪಳಗಿದ ಆಟಗಾರರ ಜೊತೆ ಸ್ಪರ್ಧಿಸಬೇಕಿತ್ತು. 2023ರಲ್ಲಿ ಚಿಕ್ಕಅಳುವಾರದಲ್ಲಿ ನಮ್ಮದೇ ವಿ.ವಿ. ಶುರುವಾದ ಮೇಲೆ, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಕೊಡಗಿನ ಹೆಸರಲ್ಲೇ ತಂಡ ಕಳಿಸುವ ಅವಕಾಶ ಬಂತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ಹೊಸ ವಿ.ವಿ.ಗಳ ಪಟ್ಟಿಯಲ್ಲಿ ಇದೂ ಇತ್ತು. ಆಗ ಜಿಲ್ಲೆ ಪ್ರತಿಭಟಿಸಿತು, ಪ್ರತಿಭಟಿಸಬೇಕಾದ್ದೇ. ಆದರೆ ವಿ.ವಿ. ಉಳಿಯಬೇಕು ಎಂದು ಕೂಗಿದರೆ ಸಾಲದು. ಅದು ಉಳಿದಿದ್ದರಿಂದ ಮಕ್ಕಳಿಗೆ ಏನು ಸಿಕ್ಕಿತು ಎಂದೂ ತೋರಿಸಬೇಕು. ಮೂವರು ಕೋಚ್‌ಗಳ ಸಂಬಳ ವರ್ಷಕ್ಕೆ 7.80 ಲಕ್ಷ. ತೋರಿಸಲು ಇದಕ್ಕಿಂತ ಅಗ್ಗದ ಸಾಕ್ಷಿ ಸಿಗಲಾರದು.

ಸಂಬಳ ಕೊಟ್ಟರೆ ಕಪ್ ಬರುತ್ತದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರನ್ನು 1898ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯ ಕೆಲಸಕ್ಕೆ ಸೇರಿಸಿಕೊಂಡಿತು. ಕೋಚ್ ಆಗಿ ಅವರ ಲೆಕ್ಕ 55 ಗೆಲುವು, 60 ಸೋಲು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಅವರು ಅಲ್ಲಿ ದಶಕಗಳ ಕಾಲ ಪಾಠ ಮಾಡಿದರು. ಅವರ ಕೈಯಲ್ಲಿ ಆಡಿದ ಫಾಗ್ ಅಲೆನ್ ಮುಂದೆ ಅದೇ ವಿ.ವಿ.ಯ ಹೆಸರಾಂತ ಕೋಚ್ ಆದರು. ಫಲ ಬರಲು ಸಮಯ ಬೇಕು. ಕಾಫಿ ಗಿಡ ನೆಟ್ಟ ವರ್ಷವೇ ಕುಯ್ಲು ಕೇಳದ ನಾವು ಕೋಚ್ ಬಂದ ತಿಂಗಳೇ ಕಪ್ ಕೇಳುವುದು ಯಾವ ನ್ಯಾಯ?

ಇನ್ನೊಂದು ವಿಷಯ, ಹೆಚ್ಚು ಗಂಭೀರವಾದದ್ದು. ಬಾಯಿಮಾತಿನಲ್ಲಿ ಬಂದ ಕೋಚ್‌ಗೆ ಹೊಣೆಗಾರಿಕೆಯೂ ಬಾಯಿಮಾತಿನದೇ. ಅವರ ಹಿನ್ನೆಲೆ ಯಾರು ನೋಡಿದ್ದಾರೆ? ಹೆಣ್ಣುಮಕ್ಕಳ ತಂಡ ಪಂದ್ಯಕ್ಕೆ ದೂರ ಹೋದಾಗ ಜೊತೆಗೆ ಮಹಿಳಾ ಸಿಬ್ಬಂದಿ ಇದ್ದಾರಾ? ದೂರು ಬಂದರೆ ಆಂತರಿಕ ಸಮಿತಿ ಯಾವ ಕಾಗದ ಹಿಡಿದು ವಿಚಾರಿಸಬೇಕು? ಹುದ್ದೆ, ಕರಾರು, ಸಹಿ ಇದ್ದರೆ ಕೋಚ್‌ಗೂ ರಕ್ಷಣೆ, ಮಕ್ಕಳಿಗೂ ರಕ್ಷಣೆ. ಮಗಳನ್ನು ಸಂಜೆ ಆರರವರೆಗೆ ಅಂಕಣದಲ್ಲಿ ಬಿಡಬೇಕಾದ ತಾಯಿಗೆ ಕಪ್‌ಗಿಂತ ಈ ಕಾಗದ ದೊಡ್ಡದು.

ಸುದ್ದಿಗೆ ಇಷ್ಟು ಎಂದು ಎಣಿಸಿ ದುಡಿಯುವ ನನ್ನಂಥ ಅರೆಕಾಲಿಕ ವರದಿಗಾರರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು. ಯಾವ ಕೆಲಸಕ್ಕೆ ದರ ಹೇಳುವುದಿಲ್ಲವೋ ಆ ಕೆಲಸವನ್ನು ಬಿಡುವಿದ್ದಾಗ ಮಾತ್ರ ಮಾಡಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದು ಅಂಕಣದ ಮೇಲೆ ಪಾಚಿ ಕಟ್ಟುವ ಜಿಲ್ಲೆ ನಮ್ಮದು. ಬಿಸಿಲು ಸಿಗುವ ಕೆಲವೇ ತಿಂಗಳನ್ನೂ 'ಯಾರಾದರೂ ಬರ್ತಾರಾ ನೋಡೋಣ' ಎಂದು ಕಾಯುತ್ತಾ ಕಳೆಯುವುದು ಬೇಡ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕಟಣೆಯ ಪಕ್ಕದಲ್ಲೇ ಕೋಚ್ ಹುದ್ದೆಯ ಪ್ರಕಟಣೆಯೂ ಬರಲಿ. ಅದರಲ್ಲಿ ಸಂಬಳ ಎಷ್ಟು ಎಂದು ಅಂಕಿಯಲ್ಲಿ ಬರೆದಿರಲಿ.