ಒಂದೇ ಪಾಠಕ್ಕೆ ಎರಡು ತೂಕದ ಕಲ್ಲು

ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ತೂಕದ ಕಲ್ಲು ಇಟ್ಟುಕೊಂಡ ವ್ಯಾಪಾರಿಯನ್ನು ಹುಣಸೂರು ಸಂತೆಯ ಜನ ಏನೆಂದು ಕರೆಯುತ್ತಾರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಅದೇ ಕೆಲಸವನ್ನು ಎರಡು ಸರ್ಕಾರಗಳು ಕೂಡಿ, ಕಾಗದದ ಮೇಲೆ ಮೊಹರು ಒತ್ತಿ ಮಾಡಿದರೆ ಮಾತ್ರ ಅದಕ್ಕೆ ‘ಸಮಗ್ರ ಆರ್ಥಿಕ ಸಹಭಾಗಿತ್ವ’ ಎಂಬ ದೊಡ್ಡ ಹೆಸರು ಬರುತ್ತದೆ!

ನಾವು ಹೇಳಹೊರಟಿರುವುದು ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ಪರದೇಶದ ಉಪಾಧ್ಯಾಯರ ಬದುಕಿನ ವಿಷಯ. ಕೊರಿಯಾಕ್ಕೂ ಕಟ್ಟೆಮಳಲವಾಡಿಗೂ ಏನು ಸಂಬಂಧವೆಂದು ಮೂಗು ಮುರಿಯಬೇಡಿ. ಸಂಬಂಧವಿದೆ.

ಕೊರಿಯಾ ಸರ್ಕಾರ ತನ್ನ ಶಾಲೆಗಳಿಗೆ ಹೊರದೇಶದ ಇಂಗ್ಲಿಷ್ ಉಪಾಧ್ಯಾಯರನ್ನು ಕರೆಸುವ ಯೋಜನೆಯನ್ನು 1995ರಲ್ಲಿ ಆರಂಭಿಸಿತು. ಹಾಗೆ ಬಂದವರು ದಿನಕ್ಕೆ ಎಂಟು ಗಂಟೆ ಶಾಲೆಯಲ್ಲಿರಬೇಕು. ವಾರಕ್ಕೆ 22 ಪಾಠ. ಪಕ್ಕದಲ್ಲಿ ಕೊರಿಯಾದವರೇ ಆದ ಒಬ್ಬ ಉಪಾಧ್ಯಾಯರು. ಮಧ್ಯಾಹ್ನ ಮಕ್ಕಳ ಜೊತೆ ಕುಳಿತು ಅನ್ನ, ಸಾರು, ಕಿಮ್ಚಿ ಎಂಬ ಹುಳಿ ಬಂದ ಕೋಸಿನ ಊಟ. ಇರಲು ಒಂದು ಕೋಣೆ, ಅದರ ಬಾಡಿಗೆ ಅವರ ಮೇಲಿಲ್ಲ. ತಿಂಗಳಿಗೆ 20 ಲಕ್ಷ ವೊನ್‌ಗೆ ಮೇಲ್ಪಟ್ಟ ಸಂಬಳ. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಹೆಚ್ಚು. ವರ್ಷ ತುಂಬಿದರೆ ಕಾನೂನಿನಂತೆ ಇನ್ನೊಂದು ತಿಂಗಳ ಸಂಬಳ ನಿವೃತ್ತಿ ಹಣವಾಗಿ ಕೈಗೆ ಬರಬೇಕು. ದುಡಿಯುವವನಿಗೆ ಇಷ್ಟು ಸಿಗುವುದನ್ನು ಕಂಡು ನಮಗೇನೂ ಹೊಟ್ಟೆಯುರಿಯಿಲ್ಲ. ಸಿಗಬೇಕು!

ಆದರೆ ಈ ಕೆಲಸಕ್ಕೆ ಯಾರು ಅರ್ಹರು? ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶಗಳ ಪ್ರಜೆಗಳಿಗೆ ‘ಇ-2’ ಎಂಬ ವೀಸಾ ಸಿಗುತ್ತದೆ. ಪದವಿ ಯಾವ ವಿಷಯದ್ದಾದರೂ ಸರಿ. ಕೋಳಿ ಸಾಕುವುದನ್ನು ಓದಿದವನೂ ವ್ಯಾಕರಣ ಹೇಳಿಕೊಡಬಹುದು!

ಭಾರತ ಮತ್ತು ಕೊರಿಯಾಗಳ ಒಪ್ಪಂದಕ್ಕೆ 2009ರಲ್ಲಿ ಸಹಿ ಬಿತ್ತು. 2010ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರಂತೆ ಭಾರತೀಯರಿಗೂ ಶಾಲೆಗಳ ಬಾಗಿಲು ತೆರೆಯಿತು, ಸಹಾಯಕ ಶಿಕ್ಷಕರಾಗಿ. ಷರತ್ತು ಮಾತ್ರ ಬೇರೆ: ಪದವಿ ಇಂಗ್ಲಿಷಿನಲ್ಲೇ ಆಗಿರಬೇಕು, ಮೇಲೆ ಶಿಕ್ಷಕ ತರಬೇತಿಯ ಪ್ರಮಾಣಪತ್ರವೂ ಬೇಕು. ಹುಣಸೂರಿನ ಅಕ್ಕಿ ಗಿರಣಿ ಕಾರ್ಮಿಕನೊಬ್ಬನ ಮಗಳು ಇಂಗ್ಲಿಷ್ ಎಂ.ಎ. ಮಾಡಿ, ಬಿ.ಎಡ್. ಮಾಡದೆ ಉಳಿದಿದ್ದಾಳೆ ಎಂದಿಟ್ಟುಕೊಳ್ಳಿ. ಅವಳು ಅನರ್ಹಳು. ಏಳು ದೇಶಗಳ ಪೈಕಿ ಒಂದರಲ್ಲಿ ಹುಟ್ಟಿ ಬೆಳೆದವನು ಬಿ.ಎಡ್. ಎಂಬ ಹೆಸರನ್ನೇ ಕೇಳಿರದಿದ್ದರೂ ಅರ್ಹನು. ಇಲ್ಲಿ ತೂಗುತ್ತಿರುವುದು ವಿದ್ಯೆಯನ್ನೋ, ಪಾಸ್‌ಪೋರ್ಟಿನ ರಟ್ಟನ್ನೋ? ಅರ್ಜಿಯ ಜೊತೆಗೆ ಭಾವಚಿತ್ರ ಕೇಳುವ ದಲ್ಲಾಳಿಗಳು ಹುಡುಕುವುದು ಉಚ್ಚಾರಣೆಯನ್ನೋ, ಚರ್ಮದ ಬಣ್ಣವನ್ನೋ?

ಹಾಗೆಂದು ಆ ಕೆನಡಾದವನು ನಮ್ಮ ವೈರಿಯಲ್ಲ. ಅವನ ಪಾಡೂ ಪೂರಾ ಸುಖದ್ದಲ್ಲ. ‘ಹಗ್ವಾನ್’ ಎಂಬ ಖಾಸಗಿ ಪಾಠದ ಅಂಗಡಿಗಳಲ್ಲಿ ಮಧ್ಯಾಹ್ನ ಹೊಕ್ಕವನು ಹೊರಬೀಳುವುದು ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ. ಮಕ್ಕಳ ನಿದ್ದೆ ಉಳಿಸಲು ಸೋಲ್ ನಗರದಲ್ಲಿ ರಾತ್ರಿ ಹತ್ತರ ನಂತರ ಪಾಠ ಕೂಡದೆಂಬ ನಿಯಮ ಮಾಡಬೇಕಾಯಿತು. ಅಲ್ಲಿನ ಸಂವಿಧಾನ ನ್ಯಾಯಾಲಯ 2009ರಲ್ಲಿ ಅದನ್ನು ಎತ್ತಿಹಿಡಿಯಿತು. ವೀಸಾ ಮಾಲೀಕನಿಗೆ ಗಂಟುಬಿದ್ದದ್ದು: ಅವನ ಒಪ್ಪಿಗೆ ಪತ್ರವಿಲ್ಲದೆ ನಡುವೆ ಕೆಲಸ ಬದಲಿಸುವುದು ಕಷ್ಟ. ನಿವೃತ್ತಿ ಹಣ ಉಳಿಸಲು ಹನ್ನೊಂದನೆಯ ತಿಂಗಳಲ್ಲಿ ಮನೆಗೆ ಕಳಿಸುವ ಮಾಲೀಕರಿದ್ದಾರೆಂಬ ದೂರು ಹಳೆಯದು. ಗಿರಣಿಯಲ್ಲಿ ದುಡಿಯುವವರಿಗೆ ಈ ಆಟ ಹೊಸದೇ? ಅದು ಸಾಲದೆಂದು 2007ರಿಂದ ಪರದೇಶದ ಇಂಗ್ಲಿಷ್ ಉಪಾಧ್ಯಾಯರಿಗೆ ಎಚ್.ಐ.ವಿ. ಪರೀಕ್ಷೆ ಹೇರಲಾಯಿತು, ಕೊರಿಯಾದ ಉಪಾಧ್ಯಾಯರಿಗೆ ಅದಿರಲಿಲ್ಲ. ನ್ಯೂಜಿಲೆಂಡಿನ ಒಬ್ಬ ಉಪಾಧ್ಯಾಯಿನಿ ತಲೆಬಾಗಲಿಲ್ಲ. 2015ರಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನ ಸಮಿತಿ ಅವಳ ಪರ ಹೇಳಿತು; 2017ರಲ್ಲಿ ಸರ್ಕಾರ ಆ ಪರೀಕ್ಷೆಯನ್ನು ಕೈಬಿಟ್ಟಿತು. ಒಬ್ಬಳು ‘ಒಲ್ಲೆ’ ಎಂದದ್ದರಿಂದ ಸಾವಿರಾರು ಜನರ ಅವಮಾನ ತಪ್ಪಿತೆಂಬುದನ್ನು ನೆನಪಿಡಿ.

ಇನ್ನು ನಮ್ಮ ಮನೆಯ ತಕ್ಕಡಿ ನೋಡೋಣ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದರು. ಬೋರ್ಡು ಬಂತು, ಉಪಾಧ್ಯಾಯರು? ಖಾಲಿ ಹುದ್ದೆಗಳಲ್ಲಿ ‘ಅತಿಥಿ ಶಿಕ್ಷಕ’ರನ್ನು ಕೂರಿಸಿದ್ದಾರೆ. ನಮ್ಮಲ್ಲಿ ಅತಿಥಿಯೆಂದರೆ ಉಣಿಸಿ ಕಳಿಸುವುದು ರೂಢಿ. ಈ ಅತಿಥಿಯಿಂದ ವರ್ಷವೆಲ್ಲ ಪಾಠ ಹೇಳಿಸಿಕೊಂಡು, ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಕೊಟ್ಟು, ಬೇಸಿಗೆ ರಜೆ ಬಂದೊಡನೆ ಬರಿಗೈಯಲ್ಲಿ ಮನೆಗೆ ಕಳಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಹೇಳುವ ಖಾಯಂ ಉಪಾಧ್ಯಾಯರಿಗೆ ಇದರ ಹಲವು ಪಟ್ಟು ಸಂಬಳ. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2016ರ ಅಕ್ಟೋಬರಿನಲ್ಲಿ ಪಂಜಾಬಿನ ಮೊಕದ್ದಮೆಯಲ್ಲಿ ಹೇಳಿತು. ಆ ತೀರ್ಪು ಹುಣಸೂರಿಗೆ ಬರಲು ಯಾವ ಬಸ್ಸಿಗೆ ಕಾಯುತ್ತಿದೆ?

ಕೊರಿಯಾದ ತಕ್ಕಡಿ ಪಾಸ್‌ಪೋರ್ಟು ನೋಡುತ್ತದೆ, ನಮ್ಮದು ನೇಮಕದ ಆದೇಶ ನೋಡುತ್ತದೆ. ಎರಡೂ ಪಾಠವನ್ನು ನೋಡುವುದಿಲ್ಲ. ದುಡಿಮೆಗೆ ಬೆಲೆ ಕಟ್ಟದೆ ದುಡಿಯುವವನ ಹಣೆಪಟ್ಟಿಗೆ ಬೆಲೆ ಕಟ್ಟುವ ಅನ್ಯಾಯ ಎರಡರಲ್ಲೂ ಒಂದೇ. ಅಲ್ಲಿ ನಮ್ಮ ಹುಡುಗಿಗೆ ನ್ಯಾಯ ಕೇಳುವ ಬಾಯಿ ನಮಗಿರಬೇಕಾದರೆ ಮೊದಲು ಇಲ್ಲಿಯ ಕಲ್ಲು ಸರಿಯಾಗಬೇಕು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳ ಸಂಬಳ ಸಿಗಲಿ, ಸಮಾನ ಪಾಠಕ್ಕೆ ಸಮಾನ ವೇತನವಾಗಲಿ, ಖಾಲಿ ಹುದ್ದೆಗಳು ತುಂಬಲಿ. ಕೊರಿಯಾ ಒಪ್ಪಂದದ ತಿದ್ದುಪಡಿಗೆ ಮಾತಿಗೆ ಕೂರುವ ದೆಹಲಿಯ ದೊರೆಗಳು ಉಕ್ಕಿನ ಸುಂಕದ ಜೊತೆಗೆ ಉಪಾಧ್ಯಾಯರ ಮಾನವನ್ನೂ ಮೇಜಿನ ಮೇಲಿಡಲಿ. ಗಿರಣಿಯ ಅಣ್ಣಂದಿರೇ, ಅಂಗಡಿಯ ಬಂಧುಗಳೇ, ಶಾಲೆಯಲ್ಲಿರುವುದು ನಿಮ್ಮದೇ ಮಕ್ಕಳು. ನಾಳೆ ಮುಖ್ಯೋಪಾಧ್ಯಾಯರ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿ: ನಮ್ಮ ಮಕ್ಕಳಿಗೆ ಪಾಠ ಹೇಳುವವರು ಏಪ್ರಿಲ್ ತಿಂಗಳಲ್ಲಿ ಏನು ಉಣ್ಣುತ್ತಾರೆ?